ಕಂಪ್ಯೂಟರ್ ಪ್ರಶ್ನೋತ್ತರ: ಕಡಿಮೆ ದುಡ್ಡಿನಲ್ಲಿ ಓವರ್‌ಕ್ಲಾಕ್, ಮೊದಲು ಬೋರ್ಡ್ ನೋಡಿ

ಪ್ರಶ್ನೆ: ಬೋರ್ಡ್, ಪ್ರೊಸೆಸರ್ ಎರಡಕ್ಕೂ ಸೇರಿ ನನ್ನ ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಇದೆ. ಅಂಗಡಿಯವರು ಎರಡು ಜೋಡಿ ಬರೆದುಕೊಟ್ಟಿದ್ದಾರೆ: ಇಂಟೆಲ್ ಐ5-12400ಎಫ್ ಜೊತೆ ಎಚ್610 ಬೋರ್ಡ್, ಇಲ್ಲವೇ ಎಎಂಡಿ ರೈಜನ್ 5 5600 ಜೊತೆ ಎ520 ಬೋರ್ಡ್. ಮುಂದೆ ಓವರ್‌ಕ್ಲಾಕ್ ಮಾಡುವ (ಪ್ರೊಸೆಸರನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ) ಆಸೆ ಇದೆ. ಎರಡರಲ್ಲಿ ಯಾವುದು ತಗೊಳ್ಳಲಿ?
— ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಓವರ್‌ಕ್ಲಾಕ್ ಮಾಡುವುದೇ ನಿಮ್ಮ ಉದ್ದೇಶವಾದರೆ ಎರಡೂ ಬೇಡ. ಎರಡು ಜೋಡಿಯಲ್ಲೂ ಬೀಗ ಬಿದ್ದಿದೆ, ಆದರೆ ಬೇರೆ ಬೇರೆ ಜಾಗದಲ್ಲಿ.

ಇಂಟೆಲ್‌ನಲ್ಲಿ ಎರಡು ಬೀಗ. ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್‌ಗಳಲ್ಲಿ ಮಾತ್ರ ಮಲ್ಟಿಪ್ಲೈಯರ್ (ಪ್ರೊಸೆಸರ್ ವೇಗ ನಿರ್ಧರಿಸುವ ಗುಣಕ) ಬದಲಾಯಿಸಬಹುದು, ಅದೂ ‘ಝಡ್’ ಸರಣಿಯ ಬೋರ್ಡ್ ಇದ್ದರೆ ಮಾತ್ರ. 12400ಎಫ್‌ಗೆ ಆ ‘ಕೆ’ ಇಲ್ಲ, ಎಚ್610ಗೆ ಆ ‘ಝಡ್’ ಇಲ್ಲ. ಎಚ್610ರಲ್ಲಿ ರ‍್ಯಾಮ್ ವೇಗವನ್ನೂ ನಿಗದಿಗಿಂತ ಮೇಲೆ ಏರಿಸಲಾಗದು. ಬಿ660, ಬಿ760 ಬೋರ್ಡ್‌ಗಳಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರ್‌ಗೆ ಕೊಡುವ ವ್ಯಾಟ್ ಮಿತಿಯನ್ನೂ ಸಡಿಲಿಸಬಹುದು. ಮಲ್ಟಿಪ್ಲೈಯರ್ ಮಾತ್ರ ಅಲುಗುವುದಿಲ್ಲ.

ಎಎಂಡಿಯಲ್ಲಿ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ. 5800ಎಕ್ಸ್3ಡಿಯಂಥ ಕೆಲವನ್ನು ಬಿಟ್ಟರೆ ಡೆಸ್ಕ್‌ಟಾಪ್ ರೈಜನ್‌ಗಳೆಲ್ಲ ತೆರೆದೇ ಬರುತ್ತವೆ. ಬೀಗ ಇರುವುದು ಬೋರ್ಡ್‌ನಲ್ಲಿ. ಎ320, ಎ520, ಎ620, ಬಿ840 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಬಿ450, ಬಿ550, ಬಿ650, ಬಿ850 ಮತ್ತು ಎಲ್ಲ ‘ಎಕ್ಸ್’ ಸರಣಿಯವುಗಳಲ್ಲಿ ಇದೆ. ಹಾಗಾಗಿ ನಿಮ್ಮ ಎರಡನೇ ಜೋಡಿಯಲ್ಲಿ ಎ520 ತೆಗೆಸಿ ಬಿ550 ಹಾಕಿಸಿಕೊಂಡರೆ ನಿಮ್ಮ ಕೆಲಸ ಆಯಿತು. ಇಷ್ಟು ದುಡ್ಡಿಗೆ ಅದೇ ಸರಿಯಾದ ಜೋಡಿ.

ಆದರೆ ಬಿ550 ಎಂದು ಡಬ್ಬದ ಮೇಲೆ ಬರೆದಿದ್ದರೆ ಸಾಲದು. ಪ್ರೊಸೆಸರ್‌ಗೆ ಕರೆಂಟ್ ಇಳಿಸಿ ಕೊಡುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆಯಿಂದ) ಬರುವ 12 ವೋಲ್ಟನ್ನು ಅದು ಸುಮಾರು 1.2 ವೋಲ್ಟ್‌ಗೆ ಇಳಿಸುತ್ತದೆ. 5600ರ ಮೂಲ ಮಿತಿಯಾದ 76 ವ್ಯಾಟ್‌ನ್ನು 1.2 ವೋಲ್ಟ್‌ನಲ್ಲಿ ಕೊಡಬೇಕೆಂದರೆ ಅರವತ್ತಕ್ಕೂ ಮೇಲೆ ಆಂಪಿಯರ್ ಹರಿಯಬೇಕು. ಆ ಹೊರೆ ಹೊರುವಾಗ ಈ ಭಾಗ ಬಿಸಿಯಾಗುತ್ತದೆ.

ಅಂಗಡಿಯಲ್ಲಿ ಡಬ್ಬ ತೆಗೆಸಿ ಕಣ್ಣಾರೆ ನೋಡಿ. ಪ್ರೊಸೆಸರ್ ಕೂರುವ ಜಾಗದ ಎಡಕ್ಕೂ ಮೇಲಕ್ಕೂ ಬೂದುಬಣ್ಣದ ಚೌಕ ಡಬ್ಬಿಗಳ ಸಾಲು ಕಾಣುತ್ತದೆ. ಅವು ಚೋಕ್‌ಗಳು. ಅವುಗಳ ಪಕ್ಕದಲ್ಲಿ ಕಪ್ಪು ಚಿಪ್ಪುಗಳಿರುತ್ತವೆ, ಅವು ಮಾಸ್‌ಫೆಟ್‌ಗಳು. ಆ ಮಾಸ್‌ಫೆಟ್‌ಗಳ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರಲೇಬೇಕು. ಬರಿಮೈ ಮಾಸ್‌ಫೆಟ್ ಇರುವ ಬೋರ್ಡ್‌ನ್ನು ಓವರ್‌ಕ್ಲಾಕ್‌ಗೆ ತಗೊಳ್ಳಬೇಡಿ. ಚೋಕ್ ಎಣಿಸಿ ಅಷ್ಟು ಫೇಸ್ (ಹೊರೆ ಹಂಚಿಕೊಳ್ಳುವ ವಿಆರ್‌ಎಂ ಘಟಕ) ಎಂದು ತೀರ್ಮಾನಿಸಲೂ ಬೇಡಿ, ಅದರಲ್ಲಿ ಒಂದೆರಡು ಪ್ರೊಸೆಸರ್‌ನ ಒಳಗಿನ ಬೇರೆ ಭಾಗಕ್ಕೆ ಮೀಸಲು. ‘8+2’ ಎಂದು ಬರೆದಿದ್ದರೆ ಕೋರ್‌ಗಳಿಗೆ 8 ಎಂದರ್ಥ. ಏಸಸ್ ಟಫ್ ಗೇಮಿಂಗ್ ಬಿ550ಎಂ-ಪ್ಲಸ್ 8+2 ಇರುವಂಥದ್ದು, 5600ಕ್ಕೆ ಧಾರಾಳ ಸಾಕು. ಆರು ಕೋರ್‌ನ ಪ್ರೊಸೆಸರ್‌ಗೆ ಅದಕ್ಕಿಂತ ಸಣ್ಣದಾದರೂ ನಡೆಯುತ್ತದೆ, ಹೀಟ್‌ಸಿಂಕ್ ಇದ್ದರೆ ಸರಿ.

ಪ್ರೊಸೆಸರ್ ವಿಷಯದಲ್ಲೂ ಒಂದು ಮಾತು. ‘5500 ಇನ್ನೂ ಅಗ್ಗ, ಓವರ್‌ಕ್ಲಾಕ್ ಮಾಡಿ 5600 ಮಾಡಿಕೊಳ್ಳಬಹುದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 5600ದಲ್ಲಿ ಎಲ್3 ಕ್ಯಾಶೆ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, 5500ರಲ್ಲಿ 16 ಎಂಬಿ. ಆಟಗಳಲ್ಲಿ ಆ ಕ್ಯಾಶೆಯದೇ ದೊಡ್ಡ ಪಾಲು. ಗಿಗಾಹರ್ಟ್ಸ್ ಎಷ್ಟು ಏರಿಸಿದರೂ ಆ 16 ಎಂಬಿ ಬೆಳೆಯುವುದಿಲ್ಲ.

ಇನ್ನು ನೇರ ಲೆಕ್ಕ. 5600 ತಾನಾಗಿಯೇ 4.4 ಗಿಗಾಹರ್ಟ್ಸ್ ತನಕ ಓಡುತ್ತದೆ. ನೀವು ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ತಂತ್ರಾಂಶದಲ್ಲಿ) ಆ ಬೂಸ್ಟ್ ವೇಗಕ್ಕೆ ಸೇರಿಸಬಹುದಾದದ್ದು ಗರಿಷ್ಠ 200 ಮೆಗಾಹರ್ಟ್ಸ್, ಅಂದರೆ ನೂರಕ್ಕೆ ನಾಲ್ಕೂವರೆ. ಹಾಗಾಗಿ ಓವರ್‌ಕ್ಲಾಕ್ ಆಸೆಗೆ ಗ್ರಾಫಿಕ್ಸ್ ಕಾರ್ಡ್‌ನ ದುಡ್ಡು ಕಿತ್ತು ದುಬಾರಿ ಬೋರ್ಡ್‌ಗೆ ಸುರಿಯಬೇಡಿ. ಹೀಟ್‌ಸಿಂಕ್ ಇರುವ ಸಾಧಾರಣ ಬಿ550, ಒಂದು ಟವರ್ ಕೂಲರ್, ಎರಡು ಕಡ್ಡಿ ರ‍್ಯಾಮ್, ಅಷ್ಟಕ್ಕೆ ನಿಲ್ಲಿಸಿ. ಕೈಯಲ್ಲಿ ಇನ್ನೂ ದುಡ್ಡು ಉಳಿಯುವಂತಿದ್ದು ನಾಲ್ಕೈದು ವರ್ಷ ಅದೇ ಬೋರ್ಡ್‌ನಲ್ಲಿ ಮುಂದುವರಿಯುವ ಯೋಚನೆ ಇದ್ದರೆ ಎಎಂ5 (ಎಎಂಡಿಯ ಹೊಸ ಸಾಕೆಟ್) ಕಡೆ ಹೋಗಿ: ರೈಜನ್ 5 7500ಎಫ್ ಅಥವಾ 7600, ಜೊತೆಗೆ ಬಿ650. ಅಸ್‌ರಾಕ್‌ನ ಬಿ650ಎಂ-ಎಚ್‌ಡಿವಿ/ಎಂ.2 ಕಡಿಮೆ ಬೆಲೆಯಲ್ಲೇ 8+2+1 ವಿಆರ್‌ಎಂ ಕೊಡುವ ಬೋರ್ಡ್. ಅಲ್ಲಿ ಡಿಡಿಆರ್5 ರ‍್ಯಾಮ್ ಕಡ್ಡಾಯ, ಅದರ ಬೆಲೆಯನ್ನೂ ಕೂಡಿಸಿಯೇ ಹೋಲಿಸಿ.

ಪ್ರಶ್ನೆ: 5600, ಬಿ550 ಬೋರ್ಡ್, ಡೀಪ್‌ಕೂಲ್ ಎಕೆ400 ಕೂಲರ್ ತಂದು ಜೋಡಿಸಿದ್ದೇನೆ. ಓವರ್‌ಕ್ಲಾಕ್‌ನ್ನು ಹಂತ ಹಂತವಾಗಿ ಹೇಗೆ ಮಾಡುವುದು ತಿಳಿಸಿ. ಗೆಳೆಯರು 1.4 ವೋಲ್ಟ್ ಹಾಕಿ 4.7ಕ್ಕೆ ಲಾಕ್ ಮಾಡು ಅಂತಾರೆ.
— ಓದುಗರು, ಸುಭಾಷ್ ನಗರ, ಮಂಡ್ಯ

ಉತ್ತರ: ಗೆಳೆಯರ ಆ ಮಾತು ಬಿಟ್ಟುಬಿಡಿ. ಹಗುರ ಕೆಲಸದಲ್ಲಿ ಒಂದೇ ಕೋರ್ ಓಡುವಾಗ 5600 ತಾನಾಗಿಯೇ 1.4 ವೋಲ್ಟ್ ಆಸುಪಾಸು ಹೋಗುವುದುಂಟು, ಆಗ ಆಂಪಿಯರ್ ಕಡಿಮೆ ಇರುವುದರಿಂದ ತೊಂದರೆಯಿಲ್ಲ. ಅದೇ ವೋಲ್ಟೇಜನ್ನು ಆರೂ ಕೋರ್‌ಗಳ ಮೇಲೆ ಸದಾಕಾಲ ಹೇರಿದರೆ ಚಿಪ್ ನಿಧಾನವಾಗಿ ಸವೆಯುತ್ತದೆ. ಮೊದಲು ಚೆನ್ನಾಗಿ ಓಡಿದ 4.7 ಕೆಲವು ತಿಂಗಳಾದ ಮೇಲೆ ನಿಲ್ಲದೇ ಹೋಗುತ್ತದೆ. ಲಾಕ್ ಮಾಡಲೇಬೇಕೆಂದು ಹಟವಿದ್ದರೆ 1.25 ವೋಲ್ಟ್ ಸುತ್ತಮುತ್ತ ಇರಿ, 1.3 ದಾಟಬೇಡಿ.

ಅದಕ್ಕಿಂತ ಒಳ್ಳೆಯ ದಾರಿ ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಪ್ರೊಸೆಸರ್‌ನ ಮಿತಿಗಳನ್ನು ಸಡಿಲಿಸುವ ಸೌಲಭ್ಯ) ಮತ್ತು ಕರ್ವ್ ಆಪ್ಟಿಮೈಸರ್. ಇದರಲ್ಲಿ ವೋಲ್ಟೇಜ್ ಇಳಿಸಿ ವೇಗ ಗಳಿಸುತ್ತೇವೆ. ಪ್ರತಿ ಚಿಪ್ಪಿಗೂ ಕಾರ್ಖಾನೆಯಲ್ಲೇ ಸ್ವಲ್ಪ ಹೆಚ್ಚುವರಿ ವೋಲ್ಟೇಜ್ ಇಟ್ಟು ಕಳಿಸುತ್ತಾರೆ. ಆ ಹೆಚ್ಚುವರಿ ತೆಗೆದರೆ ಬಿಸಿ ಇಳಿಯುತ್ತದೆ, ಉಳಿದ ಅವಕಾಶವನ್ನು ಪ್ರೊಸೆಸರ್ ತಾನೇ ವೇಗಕ್ಕೆ ಬಳಸಿಕೊಳ್ಳುತ್ತದೆ.

ಮೊದಲು ಬೋರ್ಡ್ ಕಂಪನಿಯ ತಾಣದಿಂದ ಹೊಸ ಬಯೋಸ್ ಹಾಕಿ, ರ‍್ಯಾಮ್‌ಗೆ ಎಕ್ಸ್‌ಎಂಪಿ (ಡಬ್ಬದ ಮೇಲೆ ಬರೆದ ವೇಗ ಕೊಡುವ ಆಯ್ಕೆ) ಆನ್ ಮಾಡಿ. ಬೇರೆ ಏನನ್ನೂ ಮುಟ್ಟದೆ ಸಿನಿಬೆಂಚ್ ಆರ್23 (ಪ್ರೊಸೆಸರ್‌ಗೆ ಹೊರೆ ಕೊಟ್ಟು ಅಂಕ ಹೇಳುವ ತಂತ್ರಾಂಶ) ಹತ್ತು ನಿಮಿಷ ಓಡಿಸಿ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು ಉಷ್ಣಾಂಶ, ಪಿಪಿಟಿ (ಪ್ರೊಸೆಸರ್‌ಗೆ ಹೋಗುವ ಒಟ್ಟು) ವ್ಯಾಟ್, ಕೋರ್‌ಗಳ ವೇಗ, ಅಂಕ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆ ಇಲ್ಲದಿದ್ದರೆ ಮುಂದೆ ಲಾಭವಾಯಿತೋ ನಷ್ಟವಾಯಿತೋ ಗೊತ್ತಾಗುವುದಿಲ್ಲ.

ನಂತರ ಬಯೋಸ್‌ನಲ್ಲಿ ಅಡ್ವಾನ್ಸ್ಡ್, ಎಎಂಡಿ ಓವರ್‌ಕ್ಲಾಕಿಂಗ್, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಡ್ವಾನ್ಸ್ಡ್ ಹೀಗೆ ಒಳಗೆ ಹೋಗಿ. ಬೋರ್ಡ್‌ನಿಂದ ಬೋರ್ಡ್‌ಗೆ ಹಾದಿ ತುಸು ಬದಲಾಗುತ್ತದೆ. 5600ರ ಮೂಲ ಮಿತಿಗಳು ಪಿಪಿಟಿ 76 ವ್ಯಾಟ್, ಟಿಡಿಸಿ (ಸತತ ಕರೆಂಟ್) 60 ಆಂಪಿಯರ್, ಇಡಿಸಿ (ಕ್ಷಣಕಾಲದ ಗರಿಷ್ಠ ಕರೆಂಟ್) 90 ಆಂಪಿಯರ್. ಅವನ್ನು 95, 70, 100 ಮಾಡಿ. ಕೆಲವು ಬೋರ್ಡ್‌ಗಳು ವ್ಯಾಟ್ ಬದಲು ಮಿಲಿವ್ಯಾಟ್ ಕೇಳುತ್ತವೆ, ಅಲ್ಲಿ 95000 ಎಂದು ಬರೆಯಬೇಕು. ಅದನ್ನು ಗಮನಿಸದೆ 95 ಎಂದಷ್ಟೇ ಬರೆದರೆ ಯಂತ್ರ ಆಮೆಯಾಗುತ್ತದೆ. ಸ್ಕೇಲರ್ ಆಟೋದಲ್ಲೇ ಇರಲಿ. ಬೂಸ್ಟ್ ಓವರ್‌ರೈಡ್ (ಗರಿಷ್ಠ ವೇಗಕ್ಕೆ ಸೇರಿಸುವ ಮೆಗಾಹರ್ಟ್ಸ್) ಸದ್ಯಕ್ಕೆ ಸೊನ್ನೆ.

ಈಗ ಕರ್ವ್ ಆಪ್ಟಿಮೈಸರ್: ಆಲ್ ಕೋರ್ಸ್, ನೆಗೆಟಿವ್, 10. ಒಂದೊಂದು ಅಂಕಿಯೂ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಸುತ್ತದೆ. ವಿಂಡೋಸ್‌ಗೆ ಬಂದು ಮತ್ತೆ ಸಿನಿಬೆಂಚ್ ಓಡಿಸಿ, ಹಾಳೆಗೆ ಹೋಲಿಸಿ. ಸರಿಯಿದ್ದರೆ 15, ಆಮೇಲೆ 20. ಕೊನೆಯ ಮಿತಿ 30. ಅಲ್ಲಿಗೆ ಎಲ್ಲ ಚಿಪ್ಪೂ ತಲುಪಬೇಕೆಂದಿಲ್ಲ. ಅದು ನೆಲೆಗೊಂಡ ಮೇಲೆ ಮಾತ್ರ ಬೂಸ್ಟ್ ಓವರ್‌ರೈಡ್ 100 ಮಾಡಿ, ಆಮೇಲೆ 200. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹಿಡಿಯಲಾಗದು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಸಿನಿಬೆಂಚ್ ಗಂಟೆಗಟ್ಟಲೆ ಓಡಿತು, ಹಾಗಾದರೆ ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಕರ್ವ್ ಆಪ್ಟಿಮೈಸರ್‌ನ ದೋಷ ತುಂಬು ಹೊರೆಯಲ್ಲಿ ಕಾಣಿಸುವುದು ಅಪರೂಪ, ಏಕೆಂದರೆ ಆಗ ಎಲ್ಲ ಕೋರ್‌ಗಳೂ ಕೆಳಗಿನ ವೇಗದಲ್ಲಿರುತ್ತವೆ. ಯಂತ್ರ ಸುಮ್ಮನಿದ್ದಾಗ, ಬ್ರೌಸರ್ ತೆರೆದಾಗ, ಯಾವುದೋ ಒಂದು ಕೋರ್ ತುತ್ತತುದಿಯ ವೇಗಕ್ಕೆ ಜಿಗಿದಾಗ ವೋಲ್ಟೇಜ್ ಸಾಲದೆ ಫಕ್ಕನೆ ರೀಸ್ಟಾರ್ಟ್ ಆಗುತ್ತದೆ. ನೀಲಿ ಪರದೆಯೂ ಬರುವುದಿಲ್ಲ. ಹಾಗಾದಾಗ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ದಾಖಲೆಯಲ್ಲಿ ಡಬ್ಲ್ಯುಎಚ್‌ಇಎ-ಲಾಗರ್, ಐಡಿ 18 ಹುಡುಕಿ. ಅದರಲ್ಲಿ ‘ಪ್ರೊಸೆಸರ್ ಎಪಿಐಸಿ ಐಡಿ’ ಎಂಬ ಸಂಖ್ಯೆ ಇರುತ್ತದೆ. 5600ರಲ್ಲಿ ಅದನ್ನು ಎರಡರಿಂದ ಭಾಗಿಸಿದರೆ ಸೋತ ಕೋರ್ ಸಿಗುತ್ತದೆ: 0 ಅಥವಾ 1 ಬಂದರೆ ಸೊನ್ನೆಯ ಕೋರ್, 6 ಅಥವಾ 7 ಬಂದರೆ ಮೂರನೆಯದು. ಬಯೋಸ್‌ನಲ್ಲಿ ಆಲ್ ಕೋರ್ಸ್ ಬದಲು ಪರ್ ಕೋರ್ ಆರಿಸಿ ಆ ಒಂದು ಕೋರ್‌ಗೆ ಮಾತ್ರ ಐದಂಕಿ ಹಿಂದೆ ಬನ್ನಿ, 20 ಇದ್ದದ್ದು 15 ಆಗಲಿ. ಸಾಮಾನ್ಯವಾಗಿ ರೈಜನ್ ಮಾಸ್ಟರ್ ನಕ್ಷತ್ರ ಹಾಕಿ ತೋರಿಸುವ ಅತ್ಯುತ್ತಮ ಕೋರ್‌ಗಳೇ ಮೊದಲು ಸೋಲುತ್ತವೆ. ಅತಿ ಹೆಚ್ಚು ವೇಗಕ್ಕೆ ಹೋಗುವವು ಅವೇ, ಅವುಗಳ ಕಾರ್ಖಾನೆ ವೋಲ್ಟೇಜ್‌ನಲ್ಲಿ ಉಳಿಕೆಯೂ ಕಡಿಮೆ.

ಇದನ್ನು ಕಾದು ಕೂರುವ ಬದಲು ಕೋರ್‌ಸೈಕ್ಲರ್ ಎಂಬ ಉಚಿತ ತಂತ್ರಾಂಶ ಬಳಸಿ. ಒಂದೊಂದೇ ಕೋರ್ ಹಿಡಿದು ಪರೀಕ್ಷಿಸಿ, ತಪ್ಪಿದ ಕೋರ್‌ನ ಹೆಸರು ಹೇಳುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ.

ಪರದೆಯೇ ಬಾರದಂತಾದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಬೋರ್ಡ್ ಮೇಲೆ ಕ್ಲಿಯರ್ ಸಿಮಾಸ್ ಎಂದು ಗುರುತಿಸಿದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಪಿನ್ ಸಿಗದಿದ್ದರೆ ನಾಣ್ಯದಾಕಾರದ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ. ಹಾಕಿದ ಅಂಕಿಗಳೆಲ್ಲ ಅಳಿಸಿಹೋಗುತ್ತವೆ, ಅದಕ್ಕೇ ಹಾಳೆಯಲ್ಲಿ ಬರೆದುಕೊಳ್ಳಿ ಎಂದದ್ದು. ಪಿಬಿಒ ಬಳಕೆಯಿಂದ ಆದ ಹಾನಿಗೆ ಎಎಂಡಿಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡ್‌ಗೆ ಹೊಸ 5600 ಹಾಕಿದೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬೋರ್ಡ್ ಕೆಟ್ಟಿದೆಯೇ?
— ಓದುಗರು, ಮದ್ದೂರು

ಉತ್ತರ: ಮೊದಲು ಎಚ್‌ಡಿಎಂಐ ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಎಚ್‌ಡಿಎಂಐ ಕೆಲಸ ಮಾಡುವುದಿಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಬೇಕು.

ಅದು ಸರಿಯಿದ್ದರೆ ಹಳೆಯ ಬಯೋಸ್ ಕಾರಣವಿರಬಹುದು. 5600 ಬಂದದ್ದು 2022ರ ಏಪ್ರಿಲ್‌ನಲ್ಲಿ, ಅದಕ್ಕಿಂತ ಹಿಂದಿನ ಬಯೋಸ್‌ಗೆ ಈ ಪ್ರೊಸೆಸರ್‌ನ ಗುರುತು ಸಿಗದೇ ಇರಬಹುದು. ಬೋರ್ಡ್ ಹಿಂಬದಿಯಲ್ಲಿ ಫ್ಲ್ಯಾಶ್ ಬಯೋಸ್ ಬಟನ್ ಇದೆಯೇ ನೋಡಿ. ಇದ್ದರೆ ಪೆನ್‌ಡ್ರೈವ್‌ನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಕಡತಕ್ಕೆ ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಇಟ್ಟು, ಗುರುತು ಮಾಡಿದ ಯುಎಸ್‌ಬಿಗೆ ಚುಚ್ಚಿ ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವ ತನಕ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಕಷ್ಟ, ಯುಪಿಎಸ್ ಮೇಲೆಯೇ ಮಾಡಿ. ಬಟನ್ ಇಲ್ಲದಿದ್ದರೆ ಅಂಗಡಿಯಲ್ಲಿ ಹಳೆಯ ರೈಜನ್ ಒಂದನ್ನು ಹಾಕಿಸಿ ಬಯೋಸ್ ಏರಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮ ಮನೆ ಆಲೆಮನೆಗೆ ಹತ್ತಿರ. ಓವರ್‌ಕ್ಲಾಕ್ ಮಾಡಿದ ಯಂತ್ರ ಡಿಸೆಂಬರ್‌ನಲ್ಲಿ 74 ಡಿಗ್ರಿ ಇದ್ದದ್ದು ಈಗ ಏಪ್ರಿಲ್‌ನಲ್ಲಿ 90 ಮುಟ್ಟುತ್ತಿದೆ. ಆಟದ ನಡುವೆ ಒಮ್ಮೊಮ್ಮೆ ಐದಾರು ಸೆಕೆಂಡ್ ನಿಂತೇಬಿಡುತ್ತದೆ. ಪ್ರೊಸೆಸರ್ ಕೆಟ್ಟಿತೇ?
— ಓದುಗರು, ಪಾಂಡವಪುರ

ಉತ್ತರ: ಇಲ್ಲ. ಎರಡು ಬೇರೆ ಕಾಯಿಲೆ ಸೇರಿಕೊಂಡಿವೆ.

ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಚಳಿಗಾಲದಲ್ಲಿ ಗಟ್ಟಿ ನಿಂತ ಓವರ್‌ಕ್ಲಾಕ್ ಬೇಸಗೆಯಲ್ಲಿ ಸೋಲುವುದು ಇದರಿಂದಲೇ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಪರೀಕ್ಷಿಸಿದ್ದೇ ಪರೀಕ್ಷೆ. ಉಳಿದ ಆರು ಡಿಗ್ರಿ ಮಸಿಯದ್ದು. ಕಬ್ಬಿನ ಸಿಪ್ಪೆ ಉರಿದ ಬೂದಿ, ಮಸಿ ಸಾಮಾನ್ಯ ಧೂಳಿನ ಹಾಗೆ ಉದುರುವುದಿಲ್ಲ, ರೆಕ್ಕೆಗಳ ನಡುವೆ ಅಂಟಿಕೊಳ್ಳುತ್ತದೆ. ಕ್ಯಾಬಿನೆಟ್ ಹೊರಗೆ ತಂದು ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ, ಇಲ್ಲವಾದರೆ ಬೇರಿಂಗ್ ಹಾಳಾಗುತ್ತದೆ. ಅಂಟಿದ ಮಸಿಗೆ ಫ್ಯಾನ್ ಬಿಚ್ಚಿ ಒಣ ಪೇಂಟ್ ಬ್ರಷ್ ಆಡಿಸಿ. ಒಳಗೆ ಗಾಳಿ ತಳ್ಳುವ ಫ್ಯಾನ್ ಎರಡು, ಹೊರಹಾಕುವುದು ಒಂದು ಹೀಗಿಟ್ಟು, ಒಳತಳ್ಳುವ ಕಡೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಸಂದುಗೊಂದಿನಿಂದ ಮಸಿ ನುಗ್ಗುವುದು ತಗ್ಗುತ್ತದೆ.

ಪೇಸ್ಟ್ ಬದಲಾಯಿಸಲು ಕೂಲರ್ ತೆಗೆಯುವಾಗ ಎಚ್ಚರ. ಎಎಂ4 (5600 ಕೂರುವ ಸಾಕೆಟ್) ಪ್ರೊಸೆಸರ್‌ಗಳ ಪಿನ್ ಪ್ರೊಸೆಸರ್‌ನಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿ ಹಿಡಿದಿದ್ದರೆ ನೇರ ಎಳೆದಾಗ ಬೀಗ ಹಾಕಿದ ಸಾಕೆಟ್‌ನಿಂದಲೇ ಪ್ರೊಸೆಸರ್ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಐದು ನಿಮಿಷ ಸಿನಿಬೆಂಚ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಸಡಿಲವಾದ ಮೇಲೆ ಎತ್ತಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು.

ಇನ್ನು ಆ ಐದಾರು ಸೆಕೆಂಡ್‌ನ ವಿಷಯ. ಪ್ರೊಸೆಸರ್ 90 ಮುಟ್ಟಿದಾಗ ತಾನಾಗಿ ಸ್ವಲ್ಪ ಸ್ವಲ್ಪವೇ ವೇಗ ಇಳಿಸಿಕೊಳ್ಳುತ್ತದೆ, ಹಾಗೆ ನಿಲ್ಲುವುದಿಲ್ಲ. ಫಕ್ಕನೆ ವೇಗ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದು ಮತ್ತೆ ಏಳುತ್ತಿದ್ದರೆ ವಿಆರ್‌ಎಂ ಕಾದು ‘ನಿಲ್ಲು’ ಎನ್ನುತ್ತಿದೆ. ಎಚ್‌ಡಬ್ಲ್ಯುಇನ್ಫೋದಲ್ಲಿ ‘ಥರ್ಮಲ್ ಥ್ರಾಟ್ಲಿಂಗ್ ಪ್ರಾಕ್‌ಹಾಟ್ ಎಕ್ಸ್‌ಟರ್ನಲ್’ ಸಾಲು ‘ಯೆಸ್’ ಆಗಿದೆಯೇ, ವಿಆರ್‌ಎಂ ಮಾಸ್ ಉಷ್ಣಾಂಶ ನೂರು ದಾಟಿದೆಯೇ ನೋಡಿ. ಹೌದಾದರೆ ಪಿಪಿಟಿಯನ್ನು 76ಕ್ಕೆ ಇಳಿಸಿ, ಕರ್ವ್ ಆಪ್ಟಿಮೈಸರ್ ಹಾಗೇ ಬಿಡಿ. ಟವರ್ ಕೂಲರ್ ಹಾಕಿದವರಲ್ಲಿ ಈ ತೊಂದರೆ ಹೆಚ್ಚು: ಡಬ್ಬದ ಜೊತೆ ಬರುವ ಚಿಕ್ಕ ಕೂಲರ್ ಗಾಳಿಯನ್ನು ಕೆಳಗೆ ಬೋರ್ಡ್ ಮೇಲೇ ಊದುತ್ತಿತ್ತು, ಟವರ್ ಹಿಂದಕ್ಕೆ ಊದುತ್ತದೆ. ಕ್ಯಾಬಿನೆಟ್ ಮೇಲ್ಭಾಗದಲ್ಲಿ, ಹಿಂತುದಿಗೆ, 120 ಮಿಲಿಮೀಟರ್ ಫ್ಯಾನ್ ಒಂದನ್ನು ಹೊರಮುಖವಾಗಿ ಹಾಕಿದರೆ ವಿಆರ್‌ಎಂ ಸುತ್ತ ಗಾಳಿ ಆಡುತ್ತದೆ.

ಪ್ರಶ್ನೆ: ಪರಿಚಯದವರು ಐ5-13600ಕೆ, ಬಿ760 ಬೋರ್ಡ್ ಎರಡನ್ನೂ ಅರ್ಧ ಬೆಲೆಗೆ ಕೊಡುತ್ತಾರೆ. ‘ಕೆ’ ಇದೆಯಲ್ಲ, ಓವರ್‌ಕ್ಲಾಕ್ ಆಗುತ್ತದೆ ಅಲ್ಲವೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ‘ಕೆ’ ಇದೆ, ಬೋರ್ಡ್ ಬಿಡುವುದಿಲ್ಲ. ಅದಕ್ಕಿಂತ ಗಂಭೀರ ವಿಷಯ ಬೇರೆ ಇದೆ. ಇಂಟೆಲ್‌ನ 13, 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಸವೆಯುತ್ತಿದ್ದವು. 2024ರಲ್ಲಿ ಕಂಪನಿ ಅದನ್ನು ಒಪ್ಪಿ, ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ತಿದ್ದುಪಡಿ ಬಿಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಸವೆತ ತಡೆಯುತ್ತದೆ, ಈಗಾಗಲೇ ಸವೆದದ್ದನ್ನು ಸರಿಮಾಡುವುದಿಲ್ಲ.

ಹಾಗಾಗಿ ಮೂಲ ಬಿಲ್, ಡಬ್ಬ ಇಲ್ಲದೆ ಕೊಳ್ಳಬೇಡಿ. ಬೋರ್ಡ್‌ಗೆ 2024ರ ಸೆಪ್ಟೆಂಬರ್ ನಂತರದ ಬಯೋಸ್ ಹಾಕಿ. ಅನ್‌ರಿಯಲ್ ಎಂಜಿನ್‌ನ ಯಾವುದಾದರೂ ಆಟ ತೆರೆದು ಶೇಡರ್ (ಚಿತ್ರ ಬಿಡಿಸುವ ಕಿರು ತಂತ್ರಾಂಶ) ಸಿದ್ಧವಾಗುವ ತನಕ ಬಿಡಿ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾಕಷ್ಟು ಮೆಮೊರಿ ಇದ್ದೂ ‘ಔಟ್ ಆಫ್ ವಿಡಿಯೊ ಮೆಮೊರಿ’ ಎಂದು ಬಿದ್ದರೆ ಆ ಪ್ರೊಸೆಸರ್ ಬೇಡ. ಇಂಟೆಲ್‌ನಲ್ಲೇ ಓವರ್‌ಕ್ಲಾಕ್ ಬೇಕೆಂದರೆ 12600ಕೆ ಮತ್ತು ಝಡ್690 ಹುಡುಕಿ, 12ನೇ ಪೀಳಿಗೆಗೆ ಈ ದೋಷವಿಲ್ಲ. ಆ ಬೋರ್ಡ್‌ಗಳಲ್ಲಿ ಡಿಡಿಆರ್4, ಡಿಡಿಆರ್5 ಎರಡು ಬಗೆ ಇದೆ, ನಿಮ್ಮ ರ‍್ಯಾಮ್‌ಗೆ ಹೊಂದುವುದನ್ನೇ ನೋಡಿ. ‘ಕೆ’ ಪ್ರೊಸೆಸರ್ ಜೊತೆ ಕೂಲರ್ ಬರುವುದಿಲ್ಲ, 150 ವ್ಯಾಟ್ ತಡೆಯುವ ಕೂಲರ್ ಖರ್ಚು ಸೇರಿಸಿಕೊಳ್ಳಿ. ಇಲ್ಲಿ ಪಿನ್‌ಗಳು ಬೋರ್ಡ್‌ನ ಸಾಕೆಟ್‌ನಲ್ಲಿರುತ್ತವೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಸಾಲು ನೋಡಿ, ಬಾಗಿದ ಪಿನ್ ಬೆಳಕಿಗೆ ಬೇರೆಯಾಗಿ ಹೊಳೆಯುತ್ತದೆ.

ಪ್ರಶ್ನೆ: 5600ಕ್ಕೆ 16 ಜಿಬಿಯ ಒಂದೇ ಕಡ್ಡಿ ಹಾಕಿದ್ದೇನೆ, 3200 ವೇಗದ್ದು. ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದರೂ ಆಟದಲ್ಲಿ ವ್ಯತ್ಯಾಸವೇ ಇಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಅಡಚಣೆ ಅಲ್ಲೇ ಇದೆ. ಒಂದು ಕಡ್ಡಿ ಎಂದರೆ ಒಂದೇ ಚಾನೆಲ್, ಅರ್ಧ ದಾರಿ ಮುಚ್ಚಿದ ಹಾಗೆ. ಅಂಥದ್ದೇ ಇನ್ನೊಂದು ಕಡ್ಡಿ ತಂದು, ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ಪ್ರೊಸೆಸರ್ ಓವರ್‌ಕ್ಲಾಕ್‌ಗಿಂತ ಇದರಿಂದ ಬರುವ ಲಾಭ ದೊಡ್ಡದು.

ಆಮೇಲೆ 3600 ಪ್ರಯತ್ನಿಸಿ: ವೋಲ್ಟೇಜ್ 1.35, ಎಫ್‌ಕ್ಲಾಕ್ (ಪ್ರೊಸೆಸರ್ ಒಳಗಿನ ಸಂಪರ್ಕದ ವೇಗ) 1800. ಎಫ್‌ಕ್ಲಾಕ್ ರ‍್ಯಾಮ್ ವೇಗದ ಸರಿ ಅರ್ಧ ಇರಬೇಕು, ತಪ್ಪಿದರೆ ವೇಗ ಹೆಚ್ಚಿದರೂ ವಿಳಂಬ ಹೆಚ್ಚಿ ಲಾಭ ಸೋರಿಹೋಗುತ್ತದೆ. ಬದಲಾಯಿಸುವ ಮುನ್ನ ಮುಖ್ಯ ಕಡತಗಳನ್ನು ಬೇರೆಡೆ ನಕಲು ಮಾಡಿಡಿ, ಏಕೆಂದರೆ ರ‍್ಯಾಮ್ ತಪ್ಪಿದರೆ ಡಿಸ್ಕ್‌ಗೆ ಬರೆಯುವ ಕಡತಗಳೂ ಕೆಡುತ್ತವೆ, ಅದು ಗೊತ್ತಾಗುವುದು ಎಷ್ಟೋ ದಿನದ ಮೇಲೆ. ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ 3200ಕ್ಕೆ ವಾಪಸ್ ಬನ್ನಿ.

ಪ್ರಶ್ನೆ: ಓವರ್‌ಕ್ಲಾಕ್‌ನಿಂದ ಕರೆಂಟ್ ಬಿಲ್ ಎಷ್ಟು ಏರುತ್ತದೆ? ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಸಾಕೇ?
— ಗೃಹಿಣಿ, ಸರಸ್ವತಿಪುರಂ, ಮೈಸೂರು (ಮಗನ ಪರವಾಗಿ)

ಉತ್ತರ: 76ರಿಂದ 95 ವ್ಯಾಟ್‌ಗೆ ಏರಿಸಿದರೆ ಹೆಚ್ಚುವರಿ 19 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ತುಂಬು ಹೊರೆ ಎಂದು ಹಿಡಿದರೂ ತಿಂಗಳಿಗೆ ಎರಡೂಕಾಲು ಯೂನಿಟ್ ಅಷ್ಟೆ, ಬಿಲ್ ಬಗ್ಗೆ ಚಿಂತೆ ಬೇಡ. ಎಸ್‌ಎಂಪಿಎಸ್ ಬಗ್ಗೆ ಮಾತ್ರ ಚಿಂತೆ ಮಾಡಲೇಬೇಕು. ಕ್ಯಾಬಿನೆಟ್ ಜೊತೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದರೂ ಪಕ್ಕದ ಚೀಟಿಯಲ್ಲಿ 12 ವೋಲ್ಟ್‌ನ ಸಾಲು ಓದಿ. ಅಲ್ಲಿನ ಆಂಪಿಯರ್‌ನ್ನು 12ರಿಂದ ಗುಣಿಸಿದರೆ ಬರುವುದೇ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವ ನಿಜವಾದ ವ್ಯಾಟ್. 18 ಆಂಪಿಯರ್ ಎಂದಿದ್ದರೆ ಬರೀ 216. 80 ಪ್ಲಸ್ ಬ್ರಾಂಜ್ ಗುರುತಿನ 550 ವ್ಯಾಟ್‌ನದ್ದು ಕೊಡಿಸಿ. ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್ನಿನ ಕೇಬಲ್ ಅದರಲ್ಲೇ ಇರಲಿ, ಕನ್ವರ್ಟರ್ ಹಾಕಿ ಜೋಡಿಸಿದ್ದು ಬೇಡ. ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದೂ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅದು ಸರಿಯಿಲ್ಲ, ಸರಿಯಾಗುವ ತನಕ ಯಂತ್ರ ಹಚ್ಚುವುದೇ ಬೇಡ.